ದೋಣಿಯ ಎಸಿಗೆ ಉಪ್ಪುನೀರು ಹಾಯಿಸುವ ಪಂಪಿನ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೊಟ್ಟಪ್ಪುರಂ ಕಡವಿನಿಂದ ವಲಿಯಪರಂಬದ ಹಿನ್ನೀರಿಗೆ ಹೊರಡುವ ಹೌಸ್‌ಬೋಟ್‌ಗಳ ಕೆಲಸ ನೋಡಿಕೊಳ್ಳುವಾಗ ಮಾಲೀಕರು, ಚಾಲಕರು ಮತ್ತು ಎಂಜಿನ್ ಕೋಣೆಯ ಹುಡುಗರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಹಲವು ದೋಣಿಗಳಲ್ಲಿ ಮನೆಯಲ್ಲಿರುವಂತಹ, ಗಾಳಿಯಿಂದ ತಣಿಯುವ ಸ್ಪ್ಲಿಟ್ ಎಸಿಗಳೇ ಇರುತ್ತವೆ. ಅವುಗಳಿಗೆ ಈ ಬರಹ ಅನ್ವಯಿಸುವುದಿಲ್ಲ. ದೋಣಿಯ ತಳದಿಂದ ನೀರೆಳೆದು, ಎಸಿಯೊಳಗೆ ಹಾಯಿಸಿ, ಪಕ್ಕದ ತೂತಿನಿಂದ ಹೊರಗೆ ಸುರಿಯುವ ವ್ಯವಸ್ಥೆ ಇರುವವರಿಗಾಗಿ ಇದನ್ನು ಬರೆದಿದ್ದೇನೆ.

ಈ ಪಂಪಿನ ಕೆಲಸವೇನು? ಅದು ನಿಂತರೆ ಎಸಿ ಏಕೆ ನಿಲ್ಲುತ್ತದೆ?

ಎಸಿಯು ಕೋಣೆಯ ಬಿಸಿಯನ್ನು ಹೀರಿ ಹೊರಗೆ ಸಾಗಿಸುತ್ತದೆ. ಮನೆಯಲ್ಲಿ ಆ ಬಿಸಿಯನ್ನು ಹೊರಗಿನ ಫ್ಯಾನ್ ಗಾಳಿಗೆ ಬಿಡುತ್ತದೆ. ಇಲ್ಲಿ ಅದೇ ಕೆಲಸವನ್ನು ನೀರು ಮಾಡುತ್ತದೆ. ನೀರು ಹರಿಯುವ ಸುರುಳಿಯ ಹೆಸರು ಕಂಡೆನ್ಸರ್. ಅದನ್ನು ಸಾಮಾನ್ಯವಾಗಿ ತಾಮ್ರ ಮತ್ತು ನಿಕ್ಕಲ್ ಬೆರೆತ ಲೋಹದಿಂದ ಮಾಡಿರುತ್ತಾರೆ.

ಸ್ವಲ್ಪ ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಟನ್ನಿನ, ಅಂದರೆ 12,000 ಬಿಟಿಯು ಸಾಮರ್ಥ್ಯದ ಎಸಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ನೀರು ಬೇಕೆಂಬುದು ಈ ಕೆಲಸದಲ್ಲಿ ಎಲ್ಲರೂ ಒಪ್ಪುವ ಅಂದಾಜು. ಅಷ್ಟು ನೀರು ಹರಿದಾಗ ಒಳಗೆ ಹೋದ ನೀರಿಗಿಂತ ಹೊರಗೆ ಬರುವ ನೀರು ಸುಮಾರು 6 ಡಿಗ್ರಿ ಬಿಸಿಯಾಗಿರುತ್ತದೆ. ಹರಿವು ಅರ್ಧಕ್ಕಿಳಿದರೆ ಅದೇ ಬಿಸಿಯನ್ನು ಅರ್ಧ ನೀರೇ ಹೊರಬೇಕಾಗುವುದರಿಂದ ಈ ವ್ಯತ್ಯಾಸ 12 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸಮುದ್ರದ ನೀರೇ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದಕ್ಕೆ 6 ಸೇರಿದರೆ 36, 12 ಸೇರಿದರೆ 42. ಆಗ ಎಸಿಯೊಳಗಿನ ಅನಿಲದ ಒತ್ತಡ ಏರುತ್ತಾ ಹೋಗಿ, ಕಂಪ್ರೆಸರನ್ನು ಕಾಪಾಡಲೆಂದೇ ಇಟ್ಟಿರುವ ಸ್ವಿಚ್ಚು ಅದನ್ನು ನಿಲ್ಲಿಸಿಬಿಡುತ್ತದೆ. ಎಂಜಿನಿಯರುಗಳು ತಂಪು ದೇಶಗಳ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೈಪಿಡಿಗಳಲ್ಲಿ ಕಾಣುವ ಸಡಿಲಿಕೆ ನಮಗಿಲ್ಲ. ನಮ್ಮಲ್ಲಿ ಹರಿವು ಸ್ವಲ್ಪ ಕುಂದಿದರೂ ಬೇಸಿಗೆಯ ರಾತ್ರಿ ಅದು ಅತಿಥಿಗಳಿಗೆ ಗೊತ್ತಾಗುತ್ತದೆ.

ನೀರು ಸಾಕಷ್ಟು ಬರುತ್ತಿದೆಯೆಂದು ತಿಳಿಯುವುದು ಹೇಗೆ?

ದೋಣಿಯ ಪಕ್ಕದಿಂದ ಬೀಳುವ ನೀರನ್ನು ನೋಡಿ. ಈ ಇಡೀ ಬರಹದಲ್ಲಿ ನೀವು ಒಂದನ್ನಷ್ಟೇ ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ ಎಂದು ನಾನು ಬಯಸುತ್ತೇನೆ. ದೋಣಿಯಿಂದ ಸ್ವಲ್ಪ ದೂರಕ್ಕೆ ಚಿಮ್ಮುವ, ಕಡಿಯದ ಧಾರೆ ಇರಬೇಕು. ಹಲಗೆಗೆ ಅಂಟಿಕೊಂಡು ಜಿನುಗುವ ಅಥವಾ ಬಿಟ್ಟುಬಿಟ್ಟು ಬೀಳುವ ನೀರು ಆಪತ್ತಿನ ಸೂಚನೆ.

ಕಣ್ಣಂದಾಜು ಸಾಲದು ಎನ್ನುವವರು ಬಕೆಟ್ ಹಿಡಿದು ನೋಡಬಹುದು. ಒಂದೂವರೆ ಟನ್ನಿನ ಎಸಿಗೆ ನಿಮಿಷಕ್ಕೆ ಸುಮಾರು 17 ಲೀಟರ್ ಬೇಕು. ಆದ್ದರಿಂದ 15 ಲೀಟರಿನ ಬಕೆಟ್ಟು ಒಂದು ನಿಮಿಷದೊಳಗೆ ತುಂಬಬೇಕು. ಎಲ್ಲವೂ ಸರಿಯಿರುವಾಗಲೇ ಒಮ್ಮೆ ಅಳೆದು, ಎಷ್ಟು ಸೆಕೆಂಡು ಹಿಡಿಯಿತೆಂದು ಪಂಪಿನ ಪಕ್ಕದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಮುಂದೆ ಯಾರು ಬಂದು ಅಳೆದರೂ ಹೋಲಿಸಿ ನೋಡಲು ಆ ಅಂಕಿ ಇರುತ್ತದೆ. ನೀರು ಹೊರಬೀಳುವ ತೂತು ನೀರಿನ ಮಟ್ಟಕ್ಕಿಂತ ಕೆಲವು ಇಂಚು ಮೇಲೆ ಇರುವುದು ಮುಖ್ಯ. ಅದು ನೀರಿನಲ್ಲಿ ಮುಳುಗಿದ್ದರೆ ಹರಿವು ಕುಂದಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಸಿ ಹತ್ತಿಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ಪಂಪು ಕೆಟ್ಟಿದೆಯೇ?

ಪಂಪು ಕೆಟ್ಟಿರಲೂಬಹುದು. ಆದರೆ ನನ್ನ ಅನುಭವದಲ್ಲಿ ಹೆಚ್ಚಿನ ಸಲ ಪಂಪು ಚೆನ್ನಾಗಿಯೇ ಇರುತ್ತದೆ, ಅದಕ್ಕೆ ನೀರು ತಲುಪಿರುವುದಿಲ್ಲ.

ಒಂದು ಏಪ್ರಿಲ್ ರಾತ್ರಿ ನಮ್ಮ ದೋಣಿಯಲ್ಲಿ ಚಿಕ್ಕ ಮಕ್ಕಳಿದ್ದ ಕುಟುಂಬವೊಂದಿತ್ತು. ಎಸಿ ನಿಂತಿತು. ಬೆಳಗ್ಗೆ ಕರೆಸಿದ ಕೆಲಸಗಾರರು ಪಂಪು ಹೋಗಿದೆಯೆಂದರು, ಹೊಸದನ್ನು ಹಾಕಿಸಿದೆ. ಎರಡು ದಿನ ಓಡಿ ಮತ್ತೆ ನಿಂತಿತು. ಆ ಪಂಪೇ ದೋಷದ್ದೆಂದು ಮತ್ತೊಂದನ್ನು ತರಿಸಿದರು. ಅದನ್ನು ಕೂರಿಸುವ ಮೊದಲು ನಾನು ಜರಡಿಯ (ತಳದ ವಾಲ್ವಿಗೂ ಪಂಪಿಗೂ ನಡುವೆ ಕಸ ಹಿಡಿಯುವ ಬುಟ್ಟಿ) ಕಡೆಯ ಹೋಸನ್ನು ಕಳಚಿ, ತಳದ ವಾಲ್ವನ್ನು ಒಂದಿಷ್ಟು ತೆರೆದು ನೋಡಿದೆ. ರಭಸದಿಂದ ಉಕ್ಕಬೇಕಾದ ನೀರು ಕೆಟ್ಟ ನಲ್ಲಿಯಂತೆ ತೊಟ್ಟಿಕ್ಕುತ್ತಿತ್ತು. ಸೈಕಲ್ ಟೈರಿಗೆ ಗಾಳಿ ಹಾಕುವ ಪಂಪಿನಿಂದ ಹೋಸಿನೊಳಕ್ಕೆ ಹಿಮ್ಮುಖವಾಗಿ ಗಾಳಿ ಊದಿದಾಗ ದೋಣಿಯ ಕೆಳಗಿನಿಂದ ಗುಳ್ಳೆಗಳೊಂದಿಗೆ ಒಂದು ತುಂಡು ನೀಲಿ ಟಾರ್ಪಾಲು ತೇಲಿಬಂತು. ಪಂಪು ಎಳೆಯುವಾಗ ಅದು ತೂತಿಗೆ ಅಂಟುತ್ತಿತ್ತು, ನಿಂತಾಗ ಸಡಿಲವಾಗುತ್ತಿತ್ತು. ಮೊದಲು ತೆಗೆದ ಹಳೆಯ ಪಂಪು ಇಂದಿಗೂ ಇನ್ನೊಂದು ದೋಣಿಯಲ್ಲಿ ಓಡುತ್ತಿದೆ.

ಆದ್ದರಿಂದ ಹುಡುಕುವಾಗ ನೀರಿನ ದಾರಿಯಲ್ಲೇ ನಡೆಯಿರಿ: ಮೊದಲು ತಳದ ತೂತು, ಬಳಿಕ ವಾಲ್ವ್, ಜರಡಿ, ಜರಡಿಯಿಂದ ಪಂಪಿನವರೆಗಿನ ಹೋಸ್. ಇಷ್ಟರವರೆಗೆ ನೀರು ಧಾರಾಳವಾಗಿ ಬರುತ್ತಿದ್ದರೆ ಮಾತ್ರ ಪಂಪಿಗೆ ಕೈ ಹಚ್ಚಿ. ಪಂಪಿನ ಬಾಯಿಯಲ್ಲಿ ನೀರು ಜೋರಾಗಿದ್ದು ಪಕ್ಕದ ತೂತಿನಲ್ಲಿ ಮಾತ್ರ ಕಡಿಮೆಯಿದ್ದರೆ ತಡೆ ಮುಂದಿನ ಹೋಸಿನಲ್ಲೋ ಕಂಡೆನ್ಸರಿನಲ್ಲೋ ಇದೆ.

ತೋಟದ ಪಂಪ್‌ಸೆಟ್ಟು ಬಾವಿಯಿಂದ ನೀರನ್ನು ಮೇಲಕ್ಕೆಳೆಯುತ್ತದಲ್ಲ, ಇದನ್ನೂ ಎತ್ತರದಲ್ಲಿ ಕೂರಿಸಬಾರದೇ?

ಕೂರಿಸಬಾರದು. ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಬಾವಿಯೊಳಗೆ, ಏರಿದ ನೀರು ಹಿಂದಕ್ಕಿಳಿಯದಂತೆ ತಡೆಯುವ ಫುಟ್‌ವಾಲ್ವ್ ಇರುತ್ತದೆ, ಮೊದಲ ಸಲ ನಾವೇ ಕೊಡದಿಂದ ನೀರು ತುಂಬಿಸುತ್ತೇವೆ. ಎಸಿಯ ಪಂಪು ಸಾಮಾನ್ಯವಾಗಿ ಸೆಂಟ್ರಿಫ್ಯೂಗಲ್ ಜಾತಿಯದು; ಅದು ಗಾಳಿಯನ್ನು ಎಳೆಯಲಾರದು, ಒಳಗೆ ಬಂದು ತುಂಬಿದ ನೀರನ್ನು ತಳ್ಳಬಲ್ಲದು ಅಷ್ಟೆ. ಹಾಗಾಗಿ ಪಂಪೂ ಜರಡಿಯೂ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಇರಬೇಕು. ವಾಲ್ವ್ ತೆರೆದೊಡನೆ ನೀರು ತಾನಾಗಿ ಹರಿದುಬಂದು ಪಂಪನ್ನು ತುಂಬಬೇಕು.

ತಳದಿಂದ ಎಸಿಯವರೆಗೆ ಹೋಸು ಒಂದೇ ಸಮನೆ ಏರುತ್ತಾ ಹೋಗಬೇಕು. ನಡುವೆ ಎಲ್ಲಾದರೂ ಏರಿ ಇಳಿದರೆ ಆ ಗೂನಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ನೀರು ಬರುವ ತೂತಿನ ಹೊರಗೆ ಹಾಕುವ ಜಾಲರಿಯ ಬಾಯಿ ದೋಣಿಯ ಮುಂದುಗಡೆಗೆ ತಿರುಗಿರಬೇಕು. ಹಿಂದಕ್ಕೆ ತಿರುಗಿದ್ದರೆ ದೋಣಿ ಚಲಿಸುವಾಗ ನೀರು ಒಳಬರುವ ಬದಲು ಹೊರಕ್ಕೆ ಸೆಳೆಯಲ್ಪಡುತ್ತದೆ. ಎಂಜಿನ್ನಿಗೂ ಎಸಿಗೂ ಒಂದೇ ತೂತಿನಿಂದ ನೀರು ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಪಂಪಿನ ಎಳೆತ ಹೆಚ್ಚು, ಎಸಿಯ ಪಾಲನ್ನು ಅದು ಕಸಿದುಕೊಳ್ಳುತ್ತದೆ.

‘ಗಾಳಿ ಹಿಡಿದಿದೆ’ ಎನ್ನುತ್ತಾರೆ. ಬಿಡಿಸುವುದು ಹೇಗೆ?

ಪಂಪನ್ನು ನಿಲ್ಲಿಸಿ. ಪಂಪಿನಿಂದ ಹೊರಹೋಗುವ ಹೋಸಿನ ಕ್ಲಾಂಪನ್ನು ಸಡಿಲಿಸಿ, ಹೋಸನ್ನು ಸ್ವಲ್ಪವೇ ಜಾರಿಸಿ. ಬುಸ್ ಎಂದು ಗಾಳಿ ಹೋಗಿ, ಗುಳ್ಳೆಯಿಲ್ಲದ ನೀರು ಬಂದ ಕೂಡಲೇ ಹೋಸನ್ನು ಮೊದಲಿನಂತೆ ತಳ್ಳಿ ಬಿಗಿಯಿರಿ. ಕೆಳಗೆ ವಿದ್ಯುತ್ತಿನ ಪೆಟ್ಟಿಗೆ ಇದ್ದರೆ ಮೊದಲೇ ಹೊದಿಸಿಡಿ. ಪದೇ ಪದೇ ಗಾಳಿ ಹಿಡಿಯುತ್ತಿದ್ದರೆ ಜರಡಿಯ ಮುಚ್ಚಳದ ರಬ್ಬರ್ ಉಂಗುರವನ್ನು ನೋಡಿ. ಅದರಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಂಪು ಅಲ್ಲಿಂದ ಗಾಳಿ ಎಳೆಯುತ್ತದೆ, ಹೊರಗೆ ಒಂದು ಹನಿಯೂ ಸೋರುವುದಿಲ್ಲ.

ಜರಡಿಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಾಕಾಗಬಹುದು. ಮಳೆ ಶುರುವಾಗಿ ತೇಜಸ್ವಿನಿ ಹೊಳೆಯ ಕೆಂಪು ನೀರು ಹಿನ್ನೀರಿಗೆ ಸೇರುವಾಗ ಪ್ರತಿದಿನವೂ ಬೇಕು. ತಳದ ವಾಲ್ವನ್ನು ಮುಚ್ಚದೆ ಮುಚ್ಚಳ ತೆಗೆಯಬಾರದು. ಜರಡಿ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಆ ತಪ್ಪಿನಿಂದ ದೋಣಿಗೆ ನೀರು ತುಂಬುತ್ತದೆ. ತೊಳೆದು, ಉಂಗುರಕ್ಕೆ ಸಿಲಿಕಾನ್ ಗ್ರೀಸ್ ಸವರಿ, ಮುಚ್ಚಿ, ಬಳಿಕ ವಾಲ್ವ್ ತೆರೆಯುವುದನ್ನು ಮರೆಯಬೇಡಿ. ಮರೆತು ಪಂಪು ಹಾಕಿದರೆ ಅದು ಒಣಗಿ ಓಡುತ್ತದೆ. ನಮ್ಮಲ್ಲಿ ವಾಲ್ವ್ ಮುಚ್ಚಿದವರು ಎಸಿಯ ಸ್ವಿಚ್ಚಿಗೆ ಒಂದು ಕೆಂಪು ಬಟ್ಟೆ ಕಟ್ಟುವುದು ವಾಡಿಕೆ. ವಾಲ್ವ್ ತೆರೆದ ಮೇಲೆಯೇ ಅದನ್ನು ಬಿಚ್ಚುತ್ತಾರೆ.

ಬುಟ್ಟಿಯಲ್ಲಿ ಸಿಕ್ಕಿದ್ದನ್ನು ಎಸೆಯುವ ಮೊದಲು ಅಂಗೈಯಲ್ಲಿ ಹರಡಿ ನೋಡುವ ಅಭ್ಯಾಸ ಒಳ್ಳೆಯದು. ತೆಂಗಿನ ನಾರು, ಕೊಳೆತ ಎಲೆ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ ಇದ್ದರೆ ಅವು ಹೊರಗಿನಿಂದ ಬಂದವು. ಹೊಳೆಯುವ ಮರಳು ಇದ್ದರೆ ದೋಣಿಯನ್ನು ಆಳವಿಲ್ಲದ ಕಡೆ ಕಟ್ಟಿದ್ದೀರಿ. ಇಳಿತದ ಹೊತ್ತಿಗೆ ತಳವು ನೆಲಕ್ಕೆ ಹತ್ತಿರವಾಗಿ ಪಂಪು ಕೆಸರನ್ನೇ ಎಳೆದಿದೆ, ಕಟ್ಟುವ ಜಾಗ ಬದಲಿಸಬೇಕು. ಅಕ್ಕಿ ಕಾಳಿನಷ್ಟು ದೊಡ್ಡ ಹಸಿರು ಚಿಪ್ಪುಗಳು ಇದ್ದರೆ ಅದಕ್ಕೆ ಮುಂದಿನ ಉತ್ತರವನ್ನು ಓದಿ.

ಮಳೆಗಾಲ ಮುಗಿದು ಎರಡು ಮೂರು ತಿಂಗಳಿಗೆ ಹರಿವು ತಾನಾಗಿ ಕುಂದುತ್ತದೆ. ಜರಡಿಯಲ್ಲಿ ಕಸವಿಲ್ಲ. ಕಾರಣವೇನು?

ಹೋಸಿನ ಒಳಗೋಡೆಯಲ್ಲಿ ಜೀವಿಗಳು ಬೆಳೆಯುತ್ತಿವೆ. ಪಡನ್ನ, ಚೆರುವತ್ತೂರು, ವಲಿಯಪರಂಬದ ಹಿನ್ನೀರಿನಲ್ಲಿ ಹಗ್ಗಗಳನ್ನು ಇಳಿಬಿಟ್ಟು ಕಲ್ಲುಮ್ಮಕಾಯ ಎಂಬ ಹಸಿರು ಚಿಪ್ಪಿನ ಜೀವಿಯನ್ನು ಬೆಳೆಸುವುದನ್ನು ನೀವು ನೋಡಿರುತ್ತೀರಿ. ಮಂಗಳೂರಿನ ಕಡೆಯವರು ಅದನ್ನೇ ಪಚ್ಚಿಲೆ ಎನ್ನುತ್ತಾರೆ. ಮಳೆಗಾಲದ ಸಿಹಿನೀರು ತಗ್ಗಿ, ಅಳಿವೆಯಿಂದ ಉಪ್ಪುನೀರು ಮತ್ತೆ ಒಳಬಂದ ಮೇಲೆ ಮರಿಗಳನ್ನು ಹಗ್ಗಕ್ಕೆ ಕಟ್ಟುತ್ತಾರೆ, ಮುಂದಿನ ಮಳೆಗೆ ಮೊದಲು ಕೊಯ್ಲು ಮಾಡುತ್ತಾರೆ. ಕೃಷಿಕರಿಗೆ ವರವಾದ ಆ ನೀರೇ ನಮ್ಮ ಹೋಸಿನೊಳಗೂ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಲಾರ್ವಾಗಳು ಜರಡಿಯ ತೂತುಗಳನ್ನು ಸುಲಭವಾಗಿ ದಾಟುತ್ತವೆ. ಹೋಸಿನ ಕತ್ತಲಲ್ಲಿ ಬಿಸಿಲಿಲ್ಲ, ತಿನ್ನುವ ಮೀನಿಲ್ಲ, ಪಂಪು ಓಡಿದಾಗಲೆಲ್ಲ ಹೊಸ ಆಹಾರ ಬರುತ್ತದೆ. ಕಲ್ಲುಮ್ಮಕಾಯದ ಜೊತೆಗೆ ಬಾರ್ನಕಲ್‌ ಎಂಬ ಗಟ್ಟಿ ಚಿಪ್ಪಿನ ಚಿಕ್ಕ ಜೀವಿಗಳೂ ಅಂಟಿಕೊಳ್ಳುತ್ತವೆ. ಒಂದು ಇಂಚು ಅಗಲದ ಹೋಸಿನೊಳಗೆ ಸುತ್ತಲೂ ಕಾಲಿಂಚು ಚಿಪ್ಪು ಬೆಳೆದರೆ ನೀರಿಗೆ ಉಳಿಯುವುದು ಅರ್ಧ ಇಂಚು ಅಗಲದ ದಾರಿ. ವಿಸ್ತೀರ್ಣದಲ್ಲಿ ಅದು ಮೊದಲಿನ ಕಾಲು ಭಾಗ ಮಾತ್ರ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆಯಾದರೂ ದೋಣಿ ಕಟ್ಟಿರುವಾಗ ವಾಲ್ವ್ ಮುಚ್ಚಿ, ಜರಡಿಯ ಬಾಯಿಗೆ ಸಿಹಿನೀರು ಹುಯ್ಯುತ್ತಾ ಕೆಲವು ನಿಮಿಷ ಪಂಪು ಓಡಿಸಿ, ಆ ಸಿಹಿನೀರನ್ನು ಒಂದು ರಾತ್ರಿ ಒಳಗೇ ನಿಲ್ಲಿಸುವುದು ನನ್ನ ಪದ್ಧತಿ. ಚಿಕ್ಕ ಮರಿಗಳಿಗೆ ಇದು ಹಿಡಿಸುವುದಿಲ್ಲ. ಚಿಪ್ಪು ಮುಚ್ಚಿಕೊಂಡು ಕೂರಬಲ್ಲ ಬಲಿತವುಗಳಿಗೆ ಒಂದು ರಾತ್ರಿಯ ಸಿಹಿನೀರು ಏನೂ ಮಾಡದು, ಅವನ್ನು ಆಸಿಡ್ಡಿನಿಂದಲೇ ತೆಗೆಯಬೇಕು.

ಆಸಿಡ್ ಹಾಕಿ ತೊಳೆಯುವುದು ಸುರಕ್ಷಿತವೇ? ಯಾವುದನ್ನು ಹಾಕಬೇಕು?

ಸೌಮ್ಯವಾದುದನ್ನು ಹಾಕಿ, ಅವಸರ ಮಾಡದಿದ್ದರೆ ಸುರಕ್ಷಿತ. ನಾನು ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ಡನ್ನು ಬಳಸುತ್ತೇನೆ: 20 ಲೀಟರ್ ಸಿಹಿನೀರಿಗೆ 1 ಕಿಲೊ. ಶೌಚಾಲಯ ತೊಳೆಯುವ ತೀಕ್ಷ್ಣ ಆಸಿಡ್ ಬೇಗ ಕೆಲಸ ಮಾಡುತ್ತದೆಂದು ಹಲವರು ಹೇಳುತ್ತಾರೆ, ಮಾಡುತ್ತದೆ ಕೂಡ. ಆದರೆ ಅದು ಚಿಪ್ಪಿಗೂ ಲೋಹಕ್ಕೂ ಭೇದ ಎಣಿಸುವುದಿಲ್ಲ, ಮುಚ್ಚಿದ ಎಂಜಿನ್ ಕೋಣೆಯಲ್ಲಿ ಅದರ ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಯಾವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರಿನ ಜೊತೆ ಸೇರಿಸಲೇಬಾರದು. ಅದರಿಂದ ಹುಟ್ಟುವ ಕ್ಲೋರಿನ್ ಅನಿಲ ಪ್ರಾಣ ತೆಗೆಯಬಲ್ಲದು.

ತಳದ ವಾಲ್ವ್ ಮುಚ್ಚಿ, ಎಸಿಗೆ ಒಳಹೋಗುವ ಮತ್ತು ಹೊರಬರುವ ಎರಡೂ ಹೋಸುಗಳನ್ನು ಒಂದೇ ಡ್ರಮ್ಮಿಗೆ ಇಳಿಬಿಡಿ. ಕಂಪ್ರೆಸರನ್ನು ಓಡಿಸದೆ, ಒಂದು ಚಿಕ್ಕ ಸಬ್‌ಮರ್ಸಿಬಲ್ ಪಂಪಿನಿಂದ ದ್ರಾವಣವನ್ನು ಸುತ್ತಿಸುತ್ತಾ ಇರಿ. ವ್ಯವಸ್ಥೆಯಲ್ಲಿ ಸತುವಿನ ಅಥವಾ ಅಲ್ಯೂಮಿನಿಯಂನ ಆನೋಡ್ (ಉಳಿದ ಲೋಹವನ್ನು ಕಾಪಾಡಲು ತಾನು ಸವೆಯುವ ತುಂಡು) ಇದ್ದರೆ ಮೊದಲೇ ಬಿಚ್ಚಿಡಿ, ಇಲ್ಲವಾದರೆ ಆಸಿಡ್ ಅದನ್ನು ತಿಂದುಹಾಕುತ್ತದೆ. ಮೊದಲಿಗೆ ಡ್ರಮ್ಮಿನಲ್ಲಿ ಸೋಡಾದಂತೆ ನೊರೆ ಏಳುತ್ತದೆ: ಸುಣ್ಣದ ಚಿಪ್ಪು ಕರಗುತ್ತಿರುವ ಗುರುತು ಅದು. ನೊರೆ ನಿಂತ ಮೇಲೂ ಹೋಸಿನಲ್ಲಿ ಚಿಪ್ಪು ಕಂಡರೆ ದ್ರಾವಣದ ಶಕ್ತಿ ಮುಗಿದಿದೆ, ಹೊಸದನ್ನು ಕಲಸಿ. ಕೊನೆಗೆ ಸಿಹಿನೀರಿನಿಂದ ಚೆನ್ನಾಗಿ ತೊಳೆಯಿರಿ. ಉಳಿದ ದ್ರಾವಣಕ್ಕೆ ನೊರೆ ಏಳದಾಗುವವರೆಗೆ ಅಡುಗೆ ಸೋಡಾ ಹಾಕಿ, ದಡದಲ್ಲಿ ಚೆಲ್ಲಿ; ಕಲ್ಲುಮ್ಮಕಾಯದ ಹಗ್ಗಗಳಿರುವ ನೀರಿಗೆ ಸುರಿಯಬೇಡಿ. ಆ ನೀರನ್ನೇ ನಂಬಿ ಬದುಕುವವರು ನಮ್ಮ ನೆರೆಹೊರೆಯವರು.

ಪಂಪು ಗುಂಯ್‌ಗುಡುತ್ತದೆ, ನೀರು ಬರುವುದಿಲ್ಲ.

ಈಗಿನ ಹಲವು ಪಂಪುಗಳಲ್ಲಿ ಮೋಟಾರಿಗೂ ನೀರು ತಳ್ಳುವ ಚಕ್ರವಾದ ಇಂಪೆಲ್ಲರಿಗೂ ನಡುವೆ ನೇರ ಕೊಂಡಿಯಿಲ್ಲ. ಆಯಸ್ಕಾಂತದ ಸೆಳೆತದಿಂದ ಇಂಪೆಲ್ಲರ್ ತಿರುಗುತ್ತದೆ. ಒಂದು ಚೂರು ಚಿಪ್ಪು ಸಿಕ್ಕಿಕೊಂಡರೆ ಮೋಟಾರು ತಿರುಗುತ್ತಲೇ ಇರುತ್ತದೆ, ಇಂಪೆಲ್ಲರ್ ನಿಂತಿರುತ್ತದೆ. ವಿದ್ಯುತ್ ಕಡಿದು, ವಾಲ್ವ್ ಮುಚ್ಚಿ, ಮುಂದಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಇಂಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡಿ. ಅದರ ಸೆರಾಮಿಕ್ ಅಕ್ಷ ಗಾಜಿನಂತೆ ಗಡುಸು, ಗಾಜಿನಂತೆಯೇ ಒಡೆಯುತ್ತದೆ, ಆದ್ದರಿಂದ ಇಕ್ಕುಳ ಹಾಕಬೇಡಿ. ಈ ಪಂಪುಗಳು ಒಳಗಿನ ನೀರಿನಿಂದಲೇ ನುಣುಪಾಗಿ, ತಂಪಾಗಿ ಓಡುತ್ತವೆ. ಒಣಗಿ ಓಡಿದರೆ ಅಕ್ಷ ಬಿಸಿಯೇರಿ ಬಿರುಕು ಬಿಡುತ್ತದೆ.

ಮೋಟಾರೇ ತಿರುಗದೆ ಬರೀ ಸದ್ದು ಮಾಡುತ್ತಿದ್ದರೆ ಕೆಪಾಸಿಟರ್ ಇರುವ ಪಂಪುಗಳಲ್ಲಿ ಅದನ್ನು ಪರೀಕ್ಷಿಸಿ. ಸ್ವಲ್ಪ ಹೊತ್ತು ಓಡಿ, ನಿಂತು, ತಣ್ಣಗಾದ ಮೇಲೆ ತಾನಾಗಿ ಮತ್ತೆ ಓಡುವುದು ಮೋಟಾರಿನ ಬಿಸಿರಕ್ಷಕದ ಲಕ್ಷಣ. ಪಂಪಿನ ಮೇಲೆ ಚೀಲ, ಹಗ್ಗ, ಲೈಫ್ ಜಾಕೆಟ್ ಪೇರಿಸಿಟ್ಟು ಗಾಳಿ ತಡೆದಿದ್ದಾರೆಯೇ ನೋಡಿ.

ಪಂಪಿನ ಕೆಳಗೆ ಹನಿ ಬೀಳುತ್ತಿದೆ, ಬಿಳಿ ಉಪ್ಪು ಕಟ್ಟಿದೆ. ಇನ್ನೂ ಎಷ್ಟು ದಿನ ಓಡಿಸಬಹುದು?

ಮೋಟಾರಿನ ಅಕ್ಷ ನೇರವಾಗಿ ಒಳಹೋಗುವ ಪಂಪಾದರೆ ಅದರ ಸೀಲು ಸವೆದಿದೆ. ಹನಿಯು ಮೋಟಾರಿನ ಬೇರಿಂಗಿಗೆ ತಲುಪುವ ಮೊದಲು ಸೀಲು ಬದಲಿಸಿದರೆ ಮೋಟಾರು ಉಳಿಯುತ್ತದೆ. ಆಯಸ್ಕಾಂತದ ಪಂಪಾದರೆ ಮುಚ್ಚಳದ ರಬ್ಬರ್ ಉಂಗುರ, ಅಂದರೆ ಓ-ರಿಂಗು ಸವೆದಿದೆ. ಎರಡೂ ಚಿಕ್ಕ ಕೆಲಸಗಳು, ಮುಂದೂಡಬೇಡಿ.

ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ವಾಲ್ವನ್ನು ತಳಕ್ಕೆ ಹಾಕಬಹುದೇ?

ಹಾಕಬಾರದು. ಉಪ್ಪುನೀರು ಸಾಮಾನ್ಯ ಹಿತ್ತಾಳೆಯೊಳಗಿನ ಸತುವನ್ನು ನಿಧಾನವಾಗಿ ಕರಗಿಸುತ್ತದೆ. ಉಳಿಯುವುದು ಸ್ಪಂಜಿನಂತಹ ಟೊಳ್ಳು ತಾಮ್ರ. ಚಾಕುವಿನಿಂದ ಗೀರಿದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಆ ವಾಲ್ವ್ ಯಾವ ದಿನವೂ ಕೈಯಲ್ಲಿ ಮುರಿದುಬರಬಹುದು, ಆಗ ದೋಣಿಯ ತಳದಲ್ಲಿ ತೆರೆದ ತೂತು ಉಳಿಯುತ್ತದೆ. ಕಂಚಿನದು ಅಥವಾ ದೋಣಿಗೆಂದೇ ತಯಾರಿಸಿದ ಗಟ್ಟಿ ಪ್ಲಾಸ್ಟಿಕ್ಕಿನದು ಹಾಕಿ. ನೀರಿನ ಮಟ್ಟಕ್ಕಿಂತ ಕೆಳಗಿನ ಪ್ರತಿ ಜೋಡಣೆಗೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಎರಡೆರಡು ಕ್ಲಾಂಪ್ ಬೇಕು. ತಿಂಗಳಿಗೊಮ್ಮೆ ವಾಲ್ವನ್ನು ಮುಚ್ಚಿ ತೆರೆಯಿರಿ, ಇಲ್ಲವಾದರೆ ಬೇಕಾದ ದಿನ ಅದು ತಿರುಗದು.

ವಿದೇಶದಿಂದ ತರಿಸಿದ ಪಂಪು ನಮ್ಮ ಜನರೇಟರಿನಲ್ಲಿ ಓಡುತ್ತದೆಯೇ?

ಫಲಕದಲ್ಲಿ ವೋಲ್ಟೇಜಿನ ಜೊತೆಗೆ ಹರ್ಟ್ಸ್ ಕೂಡ ಓದಿ. ನಮ್ಮದು 230 ವೋಲ್ಟ್, 50 ಹರ್ಟ್ಸ್. 60 ಹರ್ಟ್ಸಿಗೆ ಮಾತ್ರ ತಯಾರಿಸಿದ ಮೋಟಾರು ಇಲ್ಲಿ ಆರನೇ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ, ಹರಿವು ಅದಕ್ಕೆ ತಕ್ಕಂತೆ ಇಳಿಯುತ್ತದೆ, ಮೋಟಾರು ಹೆಚ್ಚು ಬಿಸಿಯಾಗುತ್ತದೆ. ಫಲಕದಲ್ಲಿ ಬರೆದ ಲೀಟರುಗಳ ಲೆಕ್ಕವೂ ಹೆಚ್ಚಾಗಿ ನೀರನ್ನು ಮೇಲಕ್ಕೆತ್ತುವ ಹೊರೆಯೇ ಇಲ್ಲದಾಗಿನದು. ಎತ್ತರ ಮತ್ತು ತಿರುವುಗಳನ್ನು ಕಳೆದು ನೋಡಬೇಕು.

ತಳದ ಜಾಲರಿಯನ್ನು ಶುಚಿಮಾಡಲು ಯಾರಾದರೂ ನೀರಿಗಿಳಿಯಬಹುದೇ?

ದಡದ ವಿದ್ಯುತ್ ತಂತಿಯನ್ನು ಕಳಚಿ, ಜನರೇಟರ್ ನಿಲ್ಲಿಸಿ, ಎಂಜಿನ್ನಿನ ಕೀಲಿಕೈ ಇಳಿಯುವವರ ಕೈಯಲ್ಲೇ ಇದ್ದಾಗ ಮಾತ್ರ. ಪಂಪು ಹೊರಗಿನ ನೀರು ಒಳಗೆ ಹಾಯುವ ವಿದ್ಯುತ್ ಯಂತ್ರ. ಅದರಲ್ಲಿ ವಿದ್ಯುತ್ ಸೋರಿಕೆಯಿದ್ದರೆ ದೋಣಿಯ ಸುತ್ತಲಿನ ನೀರಿಗೂ ವಿದ್ಯುತ್ ಹರಿಯಬಹುದು. ಪಂಪಿನ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಾಲನ್ನು ಕಡಿಯುವ ಸ್ವಿಚ್ಚು) ಕಡ್ಡಾಯವಾಗಿ ಇರಲಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಅದು ಪದೇ ಪದೇ ಬೀಳುತ್ತದೆಂದು ಕಳಚಿ ನೇರ ಜೋಡಿಸಿದ್ದನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮಳೆಗಾಲದಲ್ಲಿ ದೋಣಿ ನಿಲ್ಲಿಸುವಾಗ ಏನು ಮಾಡಬೇಕು?

ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 10ರಿಂದ ಜುಲೈ 31ರವರೆಗೆ 52 ದಿನ ಇರುತ್ತದೆ. ಪ್ರವಾಸಿ ದೋಣಿಗಳಿಗೆ ಅದು ಅನ್ವಯಿಸದಿದ್ದರೂ ಆ ದಿನಗಳಲ್ಲಿ ಮೀನುಗಾರಿಕೆ ದೋಣಿಗಳೆಲ್ಲ ರಿಪೇರಿಗೆ ಬರುವುದರಿಂದ ಒಳ್ಳೆಯ ಮೆಕ್ಯಾನಿಕ್ ಸಿಗುವುದು ಕಷ್ಟ. ಮೇ ಕೊನೆಯೊಳಗೆ ಹೇಳಿಟ್ಟುಕೊಳ್ಳಿ. ಕೈಪಿಡಿಗಳಲ್ಲಿ ಹೆಪ್ಪುಗಟ್ಟದ ದ್ರವ ತುಂಬಿಸಿ ಎಂದು ಬರೆದಿರುವುದು ಹಿಮ ಬೀಳುವ ಊರಿನವರಿಗೆ.

ನಮ್ಮಲ್ಲಿ ಕಾಡುವುದು ನಿಂತ ಉಪ್ಪುನೀರು. ಅದರೊಳಗಿನ ಜೀವಿಗಳು ಸತ್ತು ಕೊಳೆತು, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ. ಅದು ಕಂಡೆನ್ಸರಿನ ತಾಮ್ರದ ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಸಿಹಿನೀರಿನಿಂದ ತೊಳೆದು, ವಾಲ್ವ್ ಮುಚ್ಚಿ, ಪಂಪಿನ ಮತ್ತು ಜರಡಿಯ ನೀರನ್ನು ಪೂರ್ತಿ ಬಸಿದುಬಿಡಿ. ಸವೆದ ಆನೋಡನ್ನು ಆಗಲೇ ಬದಲಿಸಿ. ಉಪ್ಪು-ಸಿಹಿ ಬೆರೆತ ನಮ್ಮ ಹಿನ್ನೀರಿಗೆ ಸತುವಿಗಿಂತ ಅಲ್ಯೂಮಿನಿಯಂ ಆನೋಡ್ ಹೊಂದುತ್ತದೆ.

ದೋಣಿಯಲ್ಲಿ ಯಾವ ಬಿಡಿಭಾಗಗಳಿರಬೇಕು?

ಜರಡಿಯ ಮುಚ್ಚಳದ ಉಂಗುರ ಎರಡು, ಪಂಪಿನ ಓ-ರಿಂಗು ಮತ್ತು ಇಂಪೆಲ್ಲರ್, ನಾಲ್ಕಾರು ಕ್ಲಾಂಪ್, ಒಂದು ಮೀಟರ್ ಹೋಸ್, ಸಿಲಿಕಾನ್ ಗ್ರೀಸ್, ಹಿಮ್ಮುಖ ಊದಲು ಸೈಕಲ್ ಪಂಪು, ತಳದ ತೂತಿಗೆ ಹೊಂದುವ ಮೆದು ಮರದ ಬೆಣೆ. ಬೆಣೆಯನ್ನು ವಾಲ್ವಿನ ಕುತ್ತಿಗೆಗೇ ದಾರದಲ್ಲಿ ಕಟ್ಟಿಡಿ. ಕತ್ತಲಲ್ಲಿ ನೀರು ಉಕ್ಕುವಾಗ ಪೆಟ್ಟಿಗೆ ತೆರೆದು ಹುಡುಕಲು ಸಮಯವಿರುವುದಿಲ್ಲ.